ಎರಡನೆಯ ಕರೆ

ಬತು ಬಾಲಾಯ್ ಊರಿನಲ್ಲಿ ಯಾರ ಮನೆಯ ಮದುವೆಯಾದರೂ ಮೊದಲು ಸವೆಯುತ್ತಿದ್ದದ್ದು ಜವನಿಸಳ ಚಪ್ಪಲಿ. ಕೇದಗೆ ಗರಿಯಲ್ಲಿ ಹೆಣೆದ ಪುಟ್ಟ ಸಂಚಿಯೊಳಗೆ ವೀಳ್ಯದೆಲೆ, ಅಡಿಕೆ, ಸುಣ್ಣ, ಕಾಚು ತುಂಬಿಕೊಂಡು, ತಲೆವಸ್ತ್ರವನ್ನು ಗಲ್ಲದ ಕೆಳಗೆ ಬಿಗಿದು, ಅವಳು ಮನೆಯಿಂದ ಮನೆಗೆ ಹತ್ತಿ ಇಳಿದು ಕರೆಯುತ್ತಿದ್ದಳು. ಅಚ್ಚು ಹಾಕಿಸಿದ ಕಾರ್ಡುಗಳು ಆ ಊರಿಗೂ ಬಂದು ಎಷ್ಟೋ ಕಾಲವಾಗಿತ್ತು, ಇಲ್ಲವೆನ್ನುವುದಿಲ್ಲ. ಆದರೆ ಕಾರ್ಡು ಬಂತೆಂದು ಯಾರಾದರೂ ಎದ್ದು ಹೊರಟಾರೆಯೇ? ಅದನ್ನು ಗೋಡೆಯ ಹಲಗೆಯ ಸಂದಿಗೆ ಸಿಕ್ಕಿಸಿ, "ಜವನಿಸ್ ಇನ್ನೂ ಬಂದಿಲ್ವಲ್ಲ" ಎಂದು ಕೂತಿರುತ್ತಿದ್ದರು.

ಕರೆಯುವುದೇನು ಮಹಾ, ಬಾಯಿದ್ದವರೆಲ್ಲ ಕರೆಯುತ್ತಾರೆ. ಉತ್ತರವನ್ನು ತಿಳಿದುಕೊಳ್ಳುವುದಿದೆಯಲ್ಲ, ಅದರಲ್ಲಿ ಜವನಿಸಳದು ಎತ್ತಿದ ಕೈ. ಬತು ಬಾಲಾಯಿಯಲ್ಲಿ ಮದುವೆಗೆ ಕರೆದಾಗ 'ಬರುವುದಿಲ್ಲ' ಎಂದವರು ಹುಟ್ಟಿಲ್ಲ. 'ಬರುತ್ತೇನೆ' ಎಂದು ಥಟ್ಟನೆ ಹೇಳಿದವರೂ ಇಲ್ಲ. ಸಂಚಿ ಮುಂದೆ ಮಾಡಿದ ಕೂಡಲೇ, "ಅಯ್ಯೋ, ನಮ್ಮನ್ಯಾಕೆ ಕರೆಯೋಕೆ ಬಂದ್ರಿ, ನಾವೇನು ದೊಡ್ಡೋರಾ" ಎನ್ನಬೇಕು. ಇನ್ನೊಮ್ಮೆ ಮುಂದೆ ಮಾಡಿದರೆ, "ನಮ್ಮಂಥೋರು ಬಂದ್ರೆ ನಿಮ್ಮನೆ ಚಾಪೆ ಸಾಲಲ್ಲ" ಎನ್ನಬೇಕು. ಮೂರನೆಯ ಸಲಕ್ಕೆ ಎಲೆ ತೆಗೆದುಕೊಳ್ಳಬೇಕು. ಮೊದಲ ಸಲಕ್ಕೇ ಕೈ ಚಾಚಿದವರು ಹೊಟ್ಟೆಬಾಕರು, ಮೂರನೆಯ ಸಲವೂ ಚಾಚದವರು ಜಗಳಗಂಟರು. ಬಾಯಲ್ಲಿ ಎಲ್ಲರದೂ ಒಂದೇ ಮಾತು: "ಇನ್ಶಾ ಅಲ್ಲಾಹ್, ಬರದೆ ಏನು." ನಿಜವಾದ ಉತ್ತರ ಇರುತ್ತಿದ್ದದ್ದು ಕೈಯಲ್ಲಿ. ಅಲ್ಲೇ ಸುಣ್ಣ ಸವರಿ ಜಗಿದರೆ ಬಂದಂತೆಯೇ ಲೆಕ್ಕ. ಎಲೆಯನ್ನು ಮಡಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡರೆ ತಾವು ಬರುವುದಿಲ್ಲ, ಮನೆಯಿಂದ ಇನ್ನಾರನ್ನೋ ಕಳಿಸುತ್ತಾರೆ. ಮಾತನಾಡುತ್ತಲೇ ಮೆಲ್ಲಗೆ ಚಾಪೆಯ ಅಂಚಿನ ಕೆಳಗೆ ತಳ್ಳಿದರೋ, ಆ ಮನೆಯಿಂದ ನರಪಿಳ್ಳೆಯೂ ಬರುವುದಿಲ್ಲ. ಜವನಿಸ್ ಎಲ್ಲವನ್ನೂ ನೋಡಿಯೂ ನೋಡದವಳಂತೆ ನಕ್ಕು, ಮೊಣಕಾಲಿಗೆ ಕೈಯೂರಿ ಏಳುತ್ತಿದ್ದಳು. ಸಂಜೆ ಮದುವೆಮನೆಯ ಅಡುಗೆಯವರು ಅವಳನ್ನು ಕೇಳಿಯೇ ಅಕ್ಕಿ ಅಳೆಯುತ್ತಿದ್ದರು. ಅನ್ನ ಮಿಕ್ಕಿತೆಂದಾಗಲಿ ಸಾಲದೆಂದಾಗಲಿ ಅವಳ ಕಾಲದಲ್ಲಿ ಆಗಿಲ್ಲ.

ಇಷ್ಟಕ್ಕೇ ಮುಗಿಯಿತೇ? ಇಲ್ಲ. ಊಟದ ದಿನ ಬೆಳಿಗ್ಗೆ ಎರಡನೆಯ ಕರೆ ಬರಬೇಕು. ಎಲೆ ಜಗಿದವರೂ ಆ ದಿನ ಮಿಂದು, ಮುಖಕ್ಕೆ ಪುಡಿ ಬಳಿದುಕೊಂಡು, ಕಿಟಕಿಯ ಹತ್ತಿರ ಕೂತಿರುತ್ತಾರೆ. "ಚಾಪೆ ಹಾಸಿದೆ, ದಯಮಾಡಿಸ್ಬೇಕು" ಎಂದು ಒಬ್ಬರು ಬಂದು ಹೇಳುವ ತನಕ ಮೆಟ್ಟಿಲಿಳಿಯುವಂತಿಲ್ಲ. ಇಳಿದು ಹೋದವರನ್ನು, "ಪಾಪ, ಮನೇಲಿ ಒಲೆ ಹಚ್ಚಿರ್ಲಿಲ್ಲ ಅಂತ ಕಾಣುತ್ತೆ" ಎಂದು ಆಡಿಕೊಂಡು, ಅವರ ಮೊಮ್ಮಕ್ಕಳ ಮದುವೆಯಲ್ಲೂ ಅದನ್ನೇ ನೆನೆಯುತ್ತಾರೆ. ಈ ಎರಡನೆಯ ಕರೆಯೂ ಜವನಿಸಳದೇ. ಅದಕ್ಕೆಂದು ಅವಳಿಗೆ ಯಾರೂ ಹೇಳಿದ್ದಿಲ್ಲ. ಬೆಳಗಾಯಿತೆಂದರೆ ಅವಳು ಹೊರಟಿರುತ್ತಿದ್ದಳು, ಅಷ್ಟೆ.

ಊರನ್ನೆಲ್ಲ ಎರಡೆರಡು ಸಲ ಕರೆದ ಈ ಹೆಂಗಸನ್ನು ಮಾತ್ರ ಯಾರೂ ಒಂದು ಸಲವೂ ಕರೆದಿರಲಿಲ್ಲ.

ಅದರಲ್ಲಿ ಯಾರ ಕೇಡುಗತನವೂ ಇರಲಿಲ್ಲ, ಹಾಗಂತ ಹೇಳಿಬಿಡಬೇಕು. ಜವನಿಸಳ ಅಜ್ಜಿ ಎಲ್ಲೋ ಗುಡ್ಡದಾಚೆಯಿಂದ ಬಂದವಳು. ದೊಡ್ಡಮನೆಯವರು ಅವಳನ್ನು ತಮ್ಮ ಕುಲಕ್ಕೆ ಸೇರಿಸಿಕೊಂಡು, ಹಿಂದಿನ ಓಣಿಯಲ್ಲಿ ಮನೆ ಕಟ್ಟಿಕೊಳ್ಳಲು ಜಾಗ ಕೊಟ್ಟಿದ್ದರು. ಅಂದಿನಿಂದ ಆ ಮನೆಯ ಹೆಂಗಸರು ದೊಡ್ಡಮನೆಗೆ 'ನಮ್ಮವರು'. ನಮ್ಮವರನ್ನು ಯಾರು ಎಲೆ ಕೊಟ್ಟು ಕರೆಯುತ್ತಾರೆ? ಎಲೆ ಕೊಡುವುದು ಹೊರಗಿನವರಿಗೆ. ಊರಿನ ಉಳಿದವರೋ, ದೊಡ್ಡಮನೆಯನ್ನು ಕರೆದರೆ ಅವಳನ್ನೂ ಕರೆದಂತೆಯೇ ಎಂದುಕೊಂಡಿದ್ದರು. ಸರಿ, ನಮ್ಮವಳಾದರೆ ಮುಂದಿನ ಸಾಲಿನಲ್ಲಿ, ದೊಡ್ಡಮನೆಯ ಹೆಂಗಸರ ನಡುವೆ ಕೂರಬೇಕಲ್ಲ? ಅಲ್ಲಿ ಜಾಗ ಎಂದೂ ಇರುತ್ತಿರಲಿಲ್ಲ. "ಜವನಿಸ್, ಒಲೆ ಕಡೆ ನೋಡೇ." "ಜವನಿಸ್, ತೆಂಗಿನಹಾಲು ಹಿಂಡಿದ್ರಾ?" ಅವಳಿಗಿಂತ ಚಿಕ್ಕವರೂ ಅವಳನ್ನು ಹೆಸರು ಹಿಡಿದೇ ಕೂಗುತ್ತಿದ್ದರು. ನೆಂಟರಿಗೆ ಕರೆ, ಮನೆಯವರಿಗೆ ಚಾಪೆ. ಅವಳಿಗೆ ಮಾತ್ರ ಅಡುಗೆಮನೆಯ ಮಣೆ. ಊಟ ಮಾಡುತ್ತಿದ್ದದ್ದು ಎಲ್ಲರೂ ಕೈ ತೊಳೆದ ಮೇಲೆ, ಪಾತ್ರೆಯ ತಳ ಕೆರೆದು.

ಅವಳ ಮನೆಯ ಪೆಟ್ಟಿಗೆಯಲ್ಲಿ ಜರಿ ಅಂಚಿನ ಕಪ್ಪು ಮಖಮಲ್ಲಿನ ನಿಲುವಂಗಿಯೊಂದಿತ್ತು. ಮದುವೆಯಾದ ಹೊಸದರಲ್ಲಿ ಗಂಡ ತಂದುಕೊಟ್ಟದ್ದು. ನೆಂಟಳಾಗಿ ಹೋಗುವಾಗ ತೊಡೋಣವೆಂದು ಎತ್ತಿಟ್ಟಿದ್ದಳು. ಹೊಗೆಯ ಮುಂದೆ ಮಖಮಲ್ಲು ತೊಡುತ್ತಾರೆಯೇ? ವರ್ಷಕ್ಕೊಮ್ಮೆ ಬಿಸಿಲಿಗೆ ಹಾಕುವಳು, ಮಡಿಸಿಡುವಳು. "ನನ್ನನ್ನೂ ಯಾರಾದ್ರೂ ಒಂದ್ಸಲ ಕರೀಬಾರ್ದಾ" ಎಂದು ಒಮ್ಮೆ ಗಂಡನ ಹತ್ತಿರ ಬಾಯಿ ಬಿಟ್ಟಿದ್ದಳು. ಅವನು ಹೊಟ್ಟೆ ಹಿಡಿದು ನಕ್ಕು, "ಕರೆಯೋಳನ್ನೇ ಕರೆಯೋಕೆ ಇನ್ನೊಬ್ಬಳನ್ನ ಎಲ್ಲಿಂದ ತರೋಣ್ವೇ?" ಎಂದಿದ್ದ. ಅವನು ತೀರಿಕೊಂಡ ಮೇಲೂ ಆ ಮಾತನ್ನು ಅವಳು ಮತ್ತೆ ಯಾರ ಮುಂದೆಯೂ ಎತ್ತಲಿಲ್ಲ. ಆಸೆ ಮಾತ್ರ ಹಾಗೇ ಇತ್ತು.

ಹೀಗಿರುವಾಗ ದೊಡ್ಡಮನೆಯ ವೆಲ್ನಿಯ ಮದುವೆ ನಿಕ್ಕಿಯಾಯಿತು. ವೆಲ್ನಿ ಪಡಾಂಗ್ ಪೇಟೆಯಲ್ಲಿ ದಾದಿಯ ಕೆಲಸದಲ್ಲಿದ್ದಳು. ಅವಳ ತಾಯಿ ರೋಸ್ಮಾನಿ ಹೆತ್ತ ಮೇಲೆ ಬಹಳ ದಿನ ಹಾಸಿಗೆ ಹಿಡಿದಿದ್ದಳಾದ್ದರಿಂದ, ಆ ಮಗುವನ್ನು ಎತ್ತಿ ಆಡಿಸಿದ್ದು, ಮಿಯಿಸಿದ್ದು, ಬಾಳೆಹಣ್ಣು ಕಿವುಚಿ ತಿನ್ನಿಸಿದ್ದು ಎಲ್ಲ ಜವನಿಸಳೇ. ವೆಲ್ನಿ ಅವಳನ್ನು ದೊಡ್ಡಮ್ಮ ಎನ್ನುತ್ತಿದ್ದಳು. ಮದುವೆಯ ಮಾತು ಕಿವಿಗೆ ಬಿದ್ದ ದಿನ ಜವನಿಸಳಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಹಿಂದೆಯೇ ಆ ಹಳೆಯ ಆಸೆಯೂ ಎದ್ದು ಕೂತಿತು. ಬೇರೆ ಯಾರ ಮದುವೆಗೂ ಬೇಡ, ಈ ಹುಡುಗಿಯದಕ್ಕೆ ಒಂದು ಸಲ ಮುಂಬಾಗಿಲಿಂದ ಹತ್ತಿ ಹೋಗುವಂತಿದ್ದರೆ, ಎಂದು.

ವೆಲ್ನಿ ರಜೆಯ ಮೇಲೆ ಬಂದವಳೇ ಒಂದು ಎಡವಟ್ಟು ಮಾಡಿದಳು. ಬಣ್ಣಬಣ್ಣದ ಕರೆಯೋಲೆಯ ಚಿತ್ರವನ್ನು ಫೋನಿನಲ್ಲಿ ಊರಿಗೆಲ್ಲ ಕಳಿಸಿಬಿಟ್ಟಳು.

"ನನ್ನ ಗೆಳತೀರು ಎಲ್ಲಾ ಆಗ್ಲೇ ಉತ್ತರ ಕೊಟ್ರು ನೋಡಿ ದೊಡ್ಡಮ್ಮ" ಎಂದು ಫೋನು ತೋರಿಸಿದಳು. ಪರದೆಯ ತುಂಬ ಕೆಂಪು ಹೃದಯಗಳು.

"ಇದು ಬರ್ತೀನಿ ಅಂತಲೋ, ಬರಲ್ಲ ಅಂತಲೋ?" ಎಂದಳು ಜವನಿಸ್.

"ಅದು... ಗೊತ್ತಿಲ್ಲ."

"ಹಂಗಾದ್ರೆ ಅಕ್ಕಿ ಎಷ್ಟು ಹಾಕೋದು, ತಾಯಿ?"

ರೋಸ್ಮಾನಿ ಮಗಳ ತಲೆಗೊಂದು ಮೊಟಕಿದಳು. "ನಿಮ್ಮತ್ತೆ ರಸುನಾಗೂ ಕಳ್ಸಿದ್ದೀಯಂತೆ! ನಿಮ್ಮಪ್ಪನ ಅಕ್ಕ ಕಣೇ ಅವ್ರು! ಮೀನು ಮಾರೋನು ಮೈಕಲ್ಲಿ ಕೂಗಿದ ಹಾಗೆ ಕರೆದಿದ್ದಾರೆ ಅಂತ ಓಣಿಗೆಲ್ಲ ಡಂಗುರ ಹೊಡೀತಿದ್ದಾರೆ. ಜವನಿಸ್, ಇವಳನ್ನ ಕರ್ಕೊಂಡು ಹೋಗೇ, ಹೇಗಾದ್ರೂ ಸರಿಮಾಡು."

ತಂದೆಯ ಕಡೆಯವರನ್ನು ಮದುಮಗಳೇ ಹೋಗಿ ಕರೆಯುವುದು ಹೇಗೂ ರೂಢಿ. ಮರುದಿನ ಇಬ್ಬರೂ ಹೊರಟರು. ರಸುನಾ ಬಾಗಿಲಲ್ಲೇ ಮೂಗು ಮುರಿದಳು. ಒಳಗೆ ಕೂರಿಸಿದ ಮೇಲೂ ತನ್ನ ಫೋನನ್ನು ಚಾಪೆಯ ಮೇಲಿಟ್ಟು, "ಇಕೋ, ಇದೇ ನನಗೆ ಬಂದಿರೋ ನೆಂಟಸ್ತನ. ಇದಕ್ಕೆ ಸುಣ್ಣ ಹಚ್ಚಿ ಜಗೀಲಾ?" ಎಂದಳು. ವೆಲ್ನಿಯ ಮುಖ ಸಪ್ಪಗಾಯಿತು. ಜವನಿಸ್ ಏನೂ ಆಗದವಳಂತೆ ಸಂಚಿ ಬಿಚ್ಚಿದಳು.

"ಅದು ಮಕ್ಕಳಾಟ, ಅಕ್ಕ. ಕರೆ ಇದು. ನಿಮ್ಮ ತಮ್ಮ ಇದ್ದಿದ್ರೆ ಅವ್ರೇ ಬರ್ತಿದ್ರು. ಅವ್ರಿಲ್ಲ, ಅವ್ರ ಮಗಳು ಬಂದಿದ್ದಾಳೆ. ಮೂಗು ನೋಡಿ, ಥೇಟ್ ಅವ್ರದ್ದೇ."

ರಸುನಾ ಹುಡುಗಿಯ ಮೂಗು ನೋಡಿದಳು. "ನಾನ್ಯಾಕೆ ಬೇಕು ಬಿಡಿ" ಎಂದಳು ಒಂದು ಸಲ. "ಮುದುಕಿ, ಮಂಡಿ ನೋವು" ಎಂದಳು ಇನ್ನೊಂದು ಸಲ. ಮೂರನೆಯ ಸಲಕ್ಕೆ ಎಲೆ ತೆಗೆದು, ಸುಣ್ಣ ಸವರಿ ಬಾಯಿಗಿಟ್ಟುಕೊಂಡಳು. ಹುಡುಗಿ ಉಸಿರು ಬಿಟ್ಟದ್ದು ಜವನಿಸಳಿಗೆ ಕೇಳಿಸಿತು.

ಗದ್ದೆಯಾಚೆಯ ಉಳಿದ ನೆಂಟರನ್ನೂ ಕರೆದು ಹಿಂದಿರುಗುವಾಗ ಬದುವಿನ ಮೇಲೆ ವೆಲ್ನಿ ಕೇಳಿದಳು, "ದೊಡ್ಡಮ್ಮ, ನಿಮ್ಮನ್ನ ಯಾರು ಕರೀತಾರೆ?"

"ನನ್ನನ್ನ? ನಾನು ಮನೆಯವಳಲ್ವೇನೇ ಹುಚ್ಚಿ."

"ಮನೆಯವರು ಮುಂದೆ ಕೂತಿರ್ತಾರಲ್ಲ. ನಿಮ್ಮನ್ನ ನಾನು ಅಲ್ಲಿ ನೋಡೇ ಇಲ್ಲ."

ಜವನಿಸ್ ನಗಲು ಹೋದಳು. ನಗು ಬರಲಿಲ್ಲ. "ಕಾಲು ನೋಡ್ಕೊಂಡು ನಡಿ, ಬದು ಜಾರುತ್ತೆ" ಎಂದಳು.

ಮೊದಲ ಕರೆಯ ಸುತ್ತೆಲ್ಲ ಮುಗಿದು, ಸಂಚಿ ಖಾಲಿಯಾಗಿ ಮೊಳೆಗೆ ತೂಗಿದ ಮರುದಿನ ಬೆಳಿಗ್ಗೆ ಜವನಿಸ್ ಅಂಗಳದಲ್ಲಿ ಕೋಳಿಗೆ ನುಚ್ಚು ಹಾಕುತ್ತಿದ್ದಳು. ವೆಲ್ನಿ ಬಂದಳು. ಉದ್ದನೆಯ ನಿಲುವಂಗಿ, ಸೊಂಟಕ್ಕೆ ನೇಯ್ದ ಬಟ್ಟೆ, ತಲೆಗೆ ನೆಟ್ಟಗೆ ಕಟ್ಟಿದ ವಸ್ತ್ರ, ಹೆಗಲಲ್ಲಿ ಅಮ್ಮನ ಹಳೆಯ ಸಂಚಿ. ಯಾರ ಮನೆ ಮರೆತೆವಪ್ಪಾ ಎಂದು ಜವನಿಸ್ ಮನಸ್ಸಿನಲ್ಲೇ ಓಣಿಗಳನ್ನು ತಿರುವಿ ಹಾಕಿದಳು. ಹುಡುಗಿ ಸೀದಾ ಅವಳ ಮೆಟ್ಟಿಲು ಹತ್ತಿ, ಚಾಪೆಯ ಮೇಲೆ ಕಾಲು ಮಡಿಸಿ ಕೂತು, ಸಂಚಿ ಬಿಚ್ಚಿ, ಹಿಂದೆಯೇ ಹತ್ತಿ ಬಂದ ಜವನಿಸಳ ಮುಂದೆ ಎರಡೂ ಕೈಯಿಂದ ಚಾಚಿದಳು.

"ನಮ್ಮನೇಲಿ... ಒಂದು ಸಣ್ಣ ಕಾರ್ಯ ಇದೆ. ತಾವು ದೊಡ್ಡ ಮನಸ್ಸು ಮಾಡಿ... ದೊಡ್ಡಮ್ಮ, ಮುಂದಿನ ಮಾತು ಮರೆತೋಯ್ತು. ನನ್ನ ಮದ್ವೆಗೆ ಬನ್ನಿ."

ಜೀವಮಾನವಿಡೀ ಊರಿಗೆ ಉತ್ತರದ ಮರ್ಯಾದೆ ಕಲಿಸಿದವಳು ಆಗ ಏನು ಮಾಡಬೇಕಿತ್ತು? 'ನಾನ್ಯಾಕೆ' ಎನ್ನಬೇಕಿತ್ತು ಒಂದು ಸಲ. 'ಚಾಪೆ ಸಾಲಲ್ಲ' ಎನ್ನಬೇಕಿತ್ತು ಇನ್ನೊಂದು ಸಲ. ಏನೂ ನೆನಪಾಗಲಿಲ್ಲ. ಕೋಳಿಯ ನುಚ್ಚು ಅಂಟಿದ ಕೈಯನ್ನೇ ಚಾಚಿ ಎಲೆ ತೆಗೆದುಕೊಂಡಳು. ಸುಣ್ಣವನ್ನು ಅಳತೆಯಿಲ್ಲದೆ ಬಳಿದು, ಅಡಿಕೆ ಇಟ್ಟು, ಗಬಕ್ಕನೆ ಬಾಯಿಗೆ ಹಾಕಿ ಜಗಿಯತೊಡಗಿದಳು. ಕಣ್ಣಲ್ಲಿ ನೀರು ಇಳಿಯಿತು.

"ಏನಾಯ್ತು ದೊಡ್ಡಮ್ಮ?"

"ಸುಣ್ಣ ಜಾಸ್ತಿಯಾಯ್ತು ಕಣೇ" ಎಂದಳು. ಬಾಯಿ ಸುಟ್ಟಿದ್ದು ನಿಜವೇ. ಆದರೆ ಅಳು ಸುಣ್ಣದ್ದಲ್ಲ.

ಓಣಿಯಲ್ಲಿ ಗುಟ್ಟು ನಿಲ್ಲುತ್ತದೆಯೇ? ಅವಳು ಬಾಯಿ ತೊಳೆಯುವ ಮೊದಲೇ ರೋಸ್ಮಾನಿ ಏದುಸಿರು ಬಿಡುತ್ತ ಬಂದಳು. ಹಿಂದೆಯೇ ಅವಳ ಅಣ್ಣ, ಹುಡುಗಿಯ ಸೋದರಮಾವ, ಕುಲದ ಯಜಮಾನ ದಾತುಕ್ ಸಿನಾರೊ ಊರುಗೋಲು ಕುಟ್ಟುತ್ತ ಬಂದ.

"ಅಯ್ಯೋ ನನ್ನ ಕರ್ಮವೇ! ಮನೆಯವಳಿಗೆ ಎಲೆ ಕೊಟ್ಟಿದ್ದೀಯಲ್ಲೇ!" ರೋಸ್ಮಾನಿ ತಲೆ ಚಚ್ಚಿಕೊಂಡಳು. "ಹೊರಗಿನೋರಿಗೆ ಕೊಡೋದು ಕಣೇ ಅದು! ಊರೋರು ಏನಂತಾರೆ? ದೊಡ್ಡಮನೆಯೋರು ಜವನಿಸಳನ್ನ ಕುಲದಿಂದ ಹೊರಗೆ ಹಾಕಿದ್ರು ಅಂತಾರೆ. ಜವನಿಸ್, ಹುಡುಗಿಗೆ ತಿಳೀಲಿಲ್ಲ, ತಪ್ಪು ತಿಳ್ಕೋಬೇಡ. ಉಗಿದುಬಿಡೇ ಅದನ್ನ, ಏನೂ ಆಗಿಲ್ಲ ಅಂದ್ಕೊಳ್ಳೋಣ."

"ಉಗಿಯಲ್ಲ" ಎಂದಳು ಜವನಿಸ್. ಬಾಯಿ ತುಂಬ ಕೆಂಪು.

"ಹಂಗಂದ್ರೆ?"

"ಹಂಗಂದ್ರೆ ಬರ್ತೀನಿ ಅಂತ." ಹೇಳಿದವಳಿಗೂ ಕೇಳಿದವರಿಗೂ ಒಮ್ಮೆಗೇ ದಿಗಿಲಾಯಿತು. ಆ ಊರಿನಲ್ಲಿ ಆ ಮಾತನ್ನು ಅಷ್ಟು ನೆಟ್ಟಗೆ ಯಾರೂ ಆಡಿರಲಿಲ್ಲ. "ಇಷ್ಟು ವರ್ಷ ಮನೆಯವಳಾಗಿದ್ದೆ, ರೋಸ್ಮಾನಿ. ಅದೊಂದು ದಿನ ನೆಂಟಳಾಗ್ತೀನಿ. ಮಾರನೆ ದಿನದಿಂದ ಮತ್ತೆ ನಿಮ್ಮೋಳೇ."

ರೋಸ್ಮಾನಿಗೆ ಇದು ಉಗುಳಲೂ ಆಗದ ನುಂಗಲೂ ಆಗದ ಬಿಸಿತುಪ್ಪವಾಯಿತು. ಅವಳು ಅಣ್ಣನ ಮುಖ ನೋಡಿದಳು. ದಾತುಕ್ ಮೀಸೆ ಸವರಿಕೊಂಡು, "ಜಗಿದ ಎಲೆ ಮತ್ತೆ ಬಳ್ಳಿಗೆ ಅಂಟಲ್ಲಮ್ಮ. ಕರೆ ಹೋಯ್ತು, ಉತ್ತರ ಬಂತು. ಇನ್ನು ಅವಳು ನೆಂಟಳೇ" ಎಂದ.

"ಸರಿ ಹಾಗಾದ್ರೆ!" ರೋಸ್ಮಾನಿ ಸಿಡುಕಿನಿಂದ ಎದ್ದಳು. "ನೆಂಟರ ಹಾಗೇ ಬಾ. ಅಡುಗೆಮನೆ ಕಡೆ ತಲೆ ಹಾಕಿದ್ಯೋ ನೋಡು ಮತ್ತೆ." ಬೈದ ಹಾಗೆ ಹೇಳಿದಳು. ಜವನಿಸಳಿಗೆ ಅದಕ್ಕಿಂತ ಸಿಹಿಯಾದ ಮಾತು ಯಾವುದೂ ಕೇಳಿದ ನೆನಪಿಲ್ಲ.

ಮದುವೆಯ ದಿನ ಅವಳು ಕೋಳಿ ಕೂಗುವ ಮೊದಲೇ ಎದ್ದು ಮಿಂದಳು. ನಮಾಜು ಮುಗಿಸಿ ಪೆಟ್ಟಿಗೆ ತೆರೆದು ಮಖಮಲ್ಲು ಹೊರತೆಗೆದಳು. ಭುಜದಲ್ಲಿ ಸಡಿಲವಾಗಿತ್ತು, ಹೊಟ್ಟೆಯ ಹತ್ತಿರ ಬಿಗಿಯಾಗಿತ್ತು, ಆದರೂ ಆಯಿತು. ಮುಖಕ್ಕೆ ಪುಡಿ ಬಳಿದುಕೊಂಡು ಕಿಟಕಿಯ ಹತ್ತಿರ ಕೂತಳು. ಕೂರುವುದು ಇಷ್ಟು ಕಷ್ಟದ ಕೆಲಸವೆಂದು ಅವಳಿಗೆ ಗೊತ್ತಿರಲಿಲ್ಲ. ದೊಡ್ಡಮನೆಯ ಕಡೆಯಿಂದ ಒಲೆಯ ಹೊಗೆ, ತೆಂಗಿನಹಾಲು ಬತ್ತುವ ವಾಸನೆ. ರೆಂದಾಂಗಿನ ಮಾಂಸವನ್ನು ಯಾರು ತಿರುವುತ್ತಿದ್ದಾರೋ? ಬೆಂಕಿ ಜಾಸ್ತಿಯಾಗಿದೆ, ವಾಸನೆಯಲ್ಲೇ ಗೊತ್ತಾಗುತ್ತಿದೆ. ಎರಡು ಸಲ ಏಳಲು ಹೋಗಿ, ಎರಡು ಸಲವೂ ತನ್ನನ್ನೇ ಗದರಿಸಿಕೊಂಡು ಕೂತಳು.

ಬಿಸಿಲೇರಿತು. ಯಾರೂ ಬರಲಿಲ್ಲ. ಮರೆತುಬಿಟ್ಟರೇ? ಮರೆಯದೆ ಇನ್ನೇನು, ಎಂದೂ ಮಾಡದ ಕೆಲಸ. ಅಡುಗೆಮನೆಗೂ ಇಲ್ಲ, ಚಾಪೆಗೂ ಇಲ್ಲ, ಈ ಮಖಮಲ್ಲು ತೊಟ್ಟುಕೊಂಡು ಗೊಂಬೆಯ ಹಾಗೆ ಇಲ್ಲೇ ಸಂಜೆಯಾಗುತ್ತದೆ ಎಂದುಕೊಂಡಾಗ ಕಣ್ಣೀರು ಪುಡಿಯ ಮೇಲೆ ಇಳಿಯಿತು. ಅಷ್ಟರಲ್ಲಿ ಎದುರುಮನೆಯ ಕಿಟಕಿಯಿಂದ ರಸುನಾ ಕತ್ತು ಹೊರಗೆ ಹಾಕಿದಳು. ಅವಳದೂ ಜರತಾರಿ ಉಡುಗೆ, ಬಿಳಿಚಿಕೊಂಡ ಹಾಗೆ ಪುಡಿ.

"ಏ ಜವನಿಸ್! ಯಾವಾಗ ಬರ್ತೀಯೇ ಕರೆಯೋಕೆ? ಬೆಳಿಗ್ಗೆಯಿಂದ ಒಂದು ತುತ್ತು ತಿಂದಿಲ್ಲ, ಹೊಟ್ಟೆ ತಾಳ ಹಾಕ್ತಿದೆ!"

"ನಾನಾ? ನಾನು ನೆಂಟಳು, ಅಕ್ಕ. ನನ್ನನ್ನೇ ಇನ್ನೂ ಕರೆದಿಲ್ಲ."

"ಆಂ?" ರಸುನಾಳ ಬಾಯಿ ತೆರೆದದ್ದು ತೆರೆದೇ ಇತ್ತು. "ನೀನು ನೆಂಟಳಾದ್ರೆ ಊರನ್ನ ಯಾರೇ ಕರೀತಾರೆ?"

ಜವನಿಸ್ ಕಿಟಕಿಯಿಂದ ಬಾಗಿ ಓಣಿಯುದ್ದಕ್ಕೂ ನೋಡಿದಳು. ಒಂದೊಂದು ಕಿಟಕಿಯಲ್ಲೂ ಪುಡಿ ಬಳಿದ ಒಂದೊಂದು ಮುಖ. ಗಂಡಸರು ಟೋಪಿ ಹಾಕಿಕೊಂಡು ಮೆಟ್ಟಿಲ ಮೇಲೆ ಕೂತು ಆಕಳಿಸುತ್ತಿದ್ದಾರೆ. ಊರಿಗೂರೇ ಸಿಂಗರಿಸಿಕೊಂಡು ಕಾಯುತ್ತಿದೆ, ಅವಳಿಗಾಗಿ. ದೊಡ್ಡಮನೆಯವರಿಗೆ ಎರಡನೆಯ ಕರೆಯ ನೆನಪೇ ಇರಲಿಕ್ಕಿಲ್ಲ. ಅದು ತಾನಾಗಿ ಆಗುವ ಕೆಲಸವೆಂದೇ ಅವರು ತಿಳಿದಿದ್ದರು.

ಆಗಲೇ ಗದ್ದೆಬಯಲಿನ ಆಚೆಯಿಂದ ಡೋಲಿನ ಸದ್ದು ಕೇಳಿತು. ಮದುಮಗನನ್ನು ಅವನ ತಾಯಿಯ ಮನೆಯಿಂದ ಕರೆತರಲು ಹೋಗಿದ್ದವರು ಹಿಂದಿರುಗುತ್ತಿದ್ದರು. ಇನ್ನು ಸ್ವಲ್ಪ ಹೊತ್ತಿಗೆ ಗಂಡಿನ ಕಡೆಯವರು ಬಂದು ಮೆಟ್ಟಿಲು ಹತ್ತಿದರೆ, ಒಳಗೆ ಹಾಸಿದ ಚಾಪೆಗಳು, ಮುಚ್ಚಿಟ್ಟ ತಟ್ಟೆಗಳು, ನರಮನುಷ್ಯರಿಲ್ಲ! "ಊರೇ ಬಾರದ ಮದುವೆ" ಎಂಬ ಹೆಸರು ವೆಲ್ನಿಯ ಬೆನ್ನಿಗೆ ಸಾಯುವ ತನಕ ಅಂಟಿಕೊಳ್ಳುತ್ತದೆ.

ಜವನಿಸ್ ಗೋಡೆಗೆ ತೂಗಿದ್ದ ಸಂಚಿಯನ್ನು ನೋಡಿದಳು. ತನ್ನ ಕೈಯಲ್ಲಿದ್ದ ಕರವಸ್ತ್ರವನ್ನು ನೋಡಿದಳು. ಈಗ ಎದ್ದು ಓಡಿದರೆ ಮದುವೆ ಉಳಿಯುತ್ತದೆ. ಆದರೆ ಕರೆಯಲು ಹೊರಟವಳು ನೆಂಟಳಲ್ಲ. ಆ ಒಂದು ದಿನವೂ ಹೋಯಿತು. ಸಿಟ್ಟು ಬಂತು ಅವಳಿಗೆ. ರೋಸ್ಮಾನಿಯ ಮೇಲೆ, ಊರಿನ ಮೇಲೆ, ಸತ್ತ ಗಂಡನ ಮೇಲೆ ಕೂಡ. "ಹೋಗ್ಲಿ ಬಿಡು, ಹುಡುಗಿ ಮುಖ ಉಳೀಲಿ" ಎಂದು ಗಟ್ಟಿಯಾಗಿ ಹೇಳಿಕೊಂಡು, ಸಂಚಿಯನ್ನು ಮೊಳೆಯಿಂದ ತೆಗೆದು ಹೆಗಲಿಗೆ ಹಾಕಿ ಮೆಟ್ಟಿಲಿಳಿದಳು.

ಕೆಳಗಿನ ಮೆಟ್ಟಿಲಲ್ಲಿ ರೋಸ್ಮಾನಿ ಎದುರಾದಳು. ಬರಿಗಾಲು, ಬೆವರಿಗೆ ಕರಗಿದ ಪುಡಿ, ಹೆಗಲಿನ ಜರಿಯ ಸೆರಗು ನೆಲ ಗುಡಿಸುತ್ತಿದೆ.

"ಜವನಿಸ್! ಚಾಪೆ ಎಲ್ಲಾ ಖಾಲಿ ಬಿದ್ದಿದೆ ಕಣೇ! ಡೋಲು ಕೇಳಿಸ್ತಿಲ್ವಾ? ಓಡೇ ಬೇಗ, ಓಣೀನ ಕರಿ, ಆಮೇಲೆ ಬಂದು ಒಲೆ—"

ಮಾತು ಅಲ್ಲಿಗೇ ನಿಂತಿತು. ಅವಳು ಜವನಿಸಳನ್ನು ಈಗ ನೋಡಿದಳು. ಮಖಮಲ್ಲು ನೋಡಿದಳು. ಮಡಿಕೆಯ ಗೆರೆಗಳು ಇನ್ನೂ ಬಿಟ್ಟಿರಲಿಲ್ಲ, ಜರಿ ಒಂದೆರಡು ಕಡೆ ಕಪ್ಪಾಗಿತ್ತು. ಪುಡಿಯ ನಡುವೆ ಕಣ್ಣಿನಿಂದ ಗಲ್ಲದ ತನಕ ಎರಡು ಗೆರೆ. ಹೆಗಲಲ್ಲಿ ಆ ಸಂಚಿ. ಹುಟ್ಟಿದಂದಿನಿಂದ ದಿನಾ ನೋಡಿದ ಮುಖವನ್ನು ರೋಸ್ಮಾನಿ ಹೊಸದಾಗಿ ನೋಡಿದ ಹಾಗೆ ನೋಡಿದಳು. ಡೋಲು ಇನ್ನಷ್ಟು ಹತ್ತಿರವಾಯಿತು. ಅವಳು ಮುಂದೆ ಬಂದು, ಜವನಿಸಳ ಹೆಗಲಿನಿಂದ ಸಂಚಿಯನ್ನು ಮೆಲ್ಲಗೆ ಬಿಡಿಸಿ ತನ್ನ ಹೆಗಲಿಗೆ ಹಾಕಿಕೊಂಡಳು. ಸೆರಗು ಸರಿಮಾಡಿಕೊಂಡು, ಎರಡು ಹೆಜ್ಜೆ ಹಿಂದೆ ಸರಿದು, ತಲೆ ಬಾಗಿಸಿದಳು.

"ಅಕ್ಕ, ಚಾಪೆ ಹಾಸಿದೆ. ದಯಮಾಡಿಸ್ಬೇಕು."

ಅಕ್ಕ! ಎದುರು ಕಿಟಕಿಯಲ್ಲಿ ರಸುನಾ ಉಸಿರು ಹಿಡಿದಳು.

ಈ ಸಲ ಜವನಿಸಳಿಗೆ ಎಲ್ಲವೂ ನೆನಪಿತ್ತು. ಗಲ್ಲದ ನೀರು ಒರೆಸಿಕೊಂಡಳು. "ಅಯ್ಯೋ, ನನ್ನನ್ಯಾಕೆ ಕರೆಯೋಕೆ ಬಂದ್ರಿ. ನಾನೇನು ದೊಡ್ಡೋಳಾ?"

"ಬರ್ಲೇಬೇಕು ಅಕ್ಕ. ನೀವಿಲ್ದೆ ಶೋಭೆ ಇಲ್ಲ."

"ನನ್ನಂಥೋಳು ಬಂದ್ರೆ ಚಾಪೆ ಸಾಲಲ್ಲ, ಬಿಡಿ."

"ಸಾಲುತ್ತೆ ಅಕ್ಕ! ಒಂದು ನೊಣವೂ ಕೂತಿಲ್ಲ ಅದರ ಮೇಲೆ!" ರೋಸ್ಮಾನಿಯ ದನಿ ಅಳುವಿಗೂ ನಗುವಿಗೂ ನಡುವೆ ಸಿಕ್ಕಿಕೊಂಡಿತು. "ದಿಬ್ಬಣ ಬಂದೇಬಿಡ್ತು, ನಿಮ್ಮ ದಮ್ಮಯ್ಯ, ಮೂರನೇದನ್ನ ಬೇಗ ಹೇಳಿ!"

"ಇನ್ಶಾ ಅಲ್ಲಾಹ್" ಎಂದಳು ಜವನಿಸ್ ನಿಧಾನವಾಗಿ. "ಬರದೆ ಏನು."

ಮುಂದೆ ನಡೆದದ್ದನ್ನು ಊರು ಬಹಳ ಕಾಲ ಹೇಳಿಕೊಂಡಿತು. ಜವನಿಸ್ ಮುಂದೆ, ಕೈಗಳನ್ನು ಹೊಟ್ಟೆಯ ಮೇಲೆ ಜೋಡಿಸಿ, ನೆಂಟರು ನಡೆಯುವ ನಿಧಾನದಲ್ಲಿ. ಅವಳು ಹತ್ತಿರದ ದಾರಿ ಹಿಡಿಯಲಿಲ್ಲ, ಎಲ್ಲ ಓಣಿಗಳನ್ನೂ ಹಾಯುವ ದೂರದ ದಾರಿ ಹಿಡಿದಳು. ಬಾಯಿ ಮಾತ್ರ ಬಿಚ್ಚಲಿಲ್ಲ. ಪ್ರತಿ ಮನೆಯ ಮುಂದೆಯೂ ಅವಳ ಹೆಜ್ಜೆ ಒಂದಿಷ್ಟು ಸಣ್ಣದಾಗುತ್ತಿತ್ತು, ಅಷ್ಟೆ. ಅಷ್ಟರಲ್ಲೇ ಹಿಂದಿನಿಂದ ರೋಸ್ಮಾನಿ ಮೆಟ್ಟಿಲ ಬುಡಕ್ಕೆ ಓಡಿ, "ಚಾಪೆ ಹಾಸಿದೆ, ದಯಮಾಡಿಸಿ" ಎಂದು ಕೂಗಿ ಬರುತ್ತಿದ್ದಳು. ದೊಡ್ಡಮನೆಯ ಒಡತಿ, ಮದುಮಗಳ ತಾಯಿ, ಖುದ್ದಾಗಿ, ಬರಿಗಾಲಲ್ಲಿ ಬಂದು ಕರೆದರೆ ಯಾರು ತಾನೇ ಕೂತಾರು? ರಸುನಾ ಮಂಡಿ ನೋವು ಮರೆತು ಎಲ್ಲರಿಗಿಂತ ಮೊದಲು ಇಳಿದಳು. ಓಣಿಗಳು ಬರಿದಾದವು. ದಿಬ್ಬಣ ಗದ್ದೆಯ ಬದು ದಾಟಿ ಅಂಗಳಕ್ಕೆ ಕಾಲಿಡುವ ಹೊತ್ತಿಗೆ, ಇನ್ನೊಂದು ಕಡೆಯಿಂದ ಊರಿಗೂರೇ ಬಂದು ದೊಡ್ಡಮನೆಯ ಮೆಟ್ಟಿಲು ಹತ್ತುತ್ತಿತ್ತು.

ಜವನಿಸಳ ಕಾಲಿಗೆ ನೀರು ಹಾಕಿದರು. ಮುಂಬಾಗಿಲಿಂದ ಹತ್ತಿಸಿ, ರಸುನಾಳ ಪಕ್ಕದಲ್ಲಿ ಕೂರಿಸಿದರು. ಚಿನ್ನದ ಬಣ್ಣದ ಕಿರೀಟದ ಭಾರಕ್ಕೆ ಕತ್ತು ಅಲ್ಲಾಡಿಸಲಾಗದೆ ಕೂತಿದ್ದ ವೆಲ್ನಿ ಅವಳನ್ನು ನೋಡಿದಳು. ಮದುಮಗಳು ನಗಬಾರದು, ಅದೂ ಒಂದು ಮರ್ಯಾದೆ. ಹುಡುಗಿ ಹಲ್ಲೆಲ್ಲ ತೋರಿಸಿ ನಕ್ಕುಬಿಟ್ಟಳು.

ಊಟ ಬಂತು. ರೋಸ್ಮಾನಿಯೇ ಜವನಿಸಳ ಕೈಗೆ ನೀರು ಹಾಕಿ, ತಟ್ಟೆ ಮುಂದಿಟ್ಟು, "ಏನೂ ಇಲ್ಲ, ಬರೀ ಅನ್ನ. ಒಂದು ತುತ್ತು ಮುಟ್ಟಿ ಅಕ್ಕ" ಎಂದಳು. 'ಹೊಟ್ಟೆ ತುಂಬಿದೆ, ಮನೇಲೇ ಆಯ್ತು' ಎನ್ನಬೇಕು ಆಗ. ಹಸಿವಿನಿಂದ ಬಾಡಿಹೋಗಿದ್ದ ರಸುನಾ ಕೂಡ ಅದನ್ನೇ ಹೇಳಿ, ಬಾಯಲ್ಲಿ ಬಂದ ನೀರು ನುಂಗುತ್ತ ಕೂತಿದ್ದಳು. ಜವನಿಸ್ ಆವಿಯಾಡುವ ಅನ್ನವನ್ನು ನೋಡಿದಳು. ಪಾತ್ರೆಯ ತಳದ್ದಲ್ಲ, ಮೇಲಿನ ಅನ್ನ.

"ಹಸಿವಾಗಿದೆ ಕಣೇ ರೋಸ್ಮಾನಿ" ಎಂದಳು. "ಬಡಿಸು."

ರೋಸ್ಮಾನಿ ಬಡಿಸಿದಳು. ಒಂದು ಸೌಟು ಹೆಚ್ಚೇ ಬಿತ್ತು. ಜವನಿಸ್ ಬಿಸ್ಮಿಲ್ಲಾ ಹೇಳಿ ಮೊದಲ ತುತ್ತು ಬಾಯಿಗಿಟ್ಟಳು. ರೆಂದಾಂಗ್ ತಳ ಹಿಡಿದು ಸೀದಿತ್ತು. ಉಪ್ಪೂ ಒಂದು ಕಲ್ಲು ಮುಂದು. ಅವಳು ಅದನ್ನು ಯಾರಿಗೂ ಹೇಳಲಿಲ್ಲ. ನೆಂಟರು ಹೇಳಬಾರದು.